92 ಕೆಲ್ವಿನ್‌ಗಿಂತ ಮೇಲಿನ ಏರಿಳಿತಗಳನ್ನು ನಾನು ಅಳೆದ ಬಗೆ

ಅತಿವಾಹಕವೆಂದರೆ ಒಂದು ಸಂಕ್ರಮಣ ತಾಪಮಾನಕ್ಕಿಂತ ಕೆಳಗೆ ವಿದ್ಯುತ್ತಿಗೆ ರೋಧವನ್ನೇ ಒಡ್ಡದ ವಸ್ತು. ಆ ತಾಪಮಾನಕ್ಕಿಂತ ತುಸು ಮೇಲೆಯೂ ಅತಿವಾಹಕತೆ ಕ್ಷಣಕಾಲ ಮೂಡಿ ಅಳಿಯುತ್ತಿರುತ್ತದೆ; ಇವೇ ಅದರ ಏರಿಳಿತಗಳು, ಇವುಗಳಿಂದ ವಾಹಕತೆ ಸ್ವಲ್ಪ ಹೆಚ್ಚುತ್ತದೆ. ಧಾರವಾಡದಲ್ಲಿ ಕುಳಿತು, ಪುಡಿಯನ್ನು ಒತ್ತಿ ಸುಟ್ಟ ಬಿಲ್ಲೆಯೊಂದರಲ್ಲಿ ಅತಿವಾಹಕತೆಯ ಏರಿಳಿತಗಳನ್ನು ಅಳೆಯುತ್ತೇನೆ ಎಂದಾಗ, "ನಿಮಗೆ ಸಿಗುವುದು ಬಿಲ್ಲೆಯ ಕಣಗಳು ಒಂದಕ್ಕೊಂದು ತಾಗುವ ಗಡಿಯ ರೋಧ ಮಾತ್ರ" ಎಂದು ಹಿರಿಯರೊಬ್ಬರು ನಕ್ಕಿದ್ದರು. ಮೊದಲ ಒಂದೂವರೆ ವರ್ಷ ನನಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅದೇ.

ಬಿಲ್ಲೆ ಮಾಡಿದ್ದು ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡಿನಿಂದ; ಅದನ್ನು ಸುಡುವ ಕ್ರಮ ಈ ಕ್ಷೇತ್ರದ ಎಲ್ಲರಿಗೂ ಗೊತ್ತಿರುವುದೇ. ಆದರೆ ಅದಕ್ಕೆ ತೇವ ಆಗದು, ನಮ್ಮೂರಿನ ಜುಲೈ ತಿಂಗಳಲ್ಲಿ ತೇವವಿಲ್ಲದ ಮೂಲೆಯೇ ಇಲ್ಲ. ಆರು ಬಿಲ್ಲೆಗಳು ಮೇಜಿನ ಖಾನೆಯಲ್ಲೇ ಹಾಳಾದವು. 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲಜನಕ ಹಾಯಿಸುತ್ತಿದ್ದ ರಾತ್ರಿ ಕರೆಂಟ್ ಹೋಗಿ ಇನ್ನೆರಡು ಕೆಟ್ಟವು. ಬೆಳ್ಳಿ ಪೇಸ್ಟಿಗೂ ಸಿಲಿಂಡರಿಗೂ ಸೇರಿ ಕೈಯಿಂದ ಸುಮಾರು 40 ಸಾವಿರ ರೂಪಾಯಿ ಹೋಗಿರಬೇಕು.

ನಿಜವಾದ ಸೋಲು ತಾಪಮಾನದ್ದು. ಸಂಕ್ರಮಣಕ್ಕಿಂತ ಶೇಕಡಾ ಎಷ್ಟು ಮೇಲಿದ್ದೇವೆ ಎಂಬುದಕ್ಕೆ ತಕ್ಕಂತೆ ಏರಿಳಿತಗಳು ಬದಲಾಗುತ್ತವೆ. ಸಂಕ್ರಮಣ ತಾಪಮಾನ 92 ಕೆಲ್ವಿನ್ ಇರುವಲ್ಲಿ ಶೇಕಡಾ ಒಂದೆಂದರೆ ಒಂದು ಡಿಗ್ರಿಗೂ ಕಡಿಮೆ. ನನ್ನ ಸಂವೇದಕವೋ ತಣಿಸುವಾಗ ಬಿಲ್ಲೆಗಿಂತ ಎರಡು ಡಿಗ್ರಿ ಹಿಂದುಳಿಯುತ್ತಿತ್ತು. ಹಾಗಿರುವಾಗ ಹೆಚ್ಚಿದ ವಾಹಕತೆಯನ್ನೂ ಸಂಕ್ರಮಣದಿಂದಿರುವ ದೂರವನ್ನೂ ಗುರುತಿಸುವ ಲಾಗರಿದಮ್ ನಕ್ಷೆಯಲ್ಲಿ ಯಾವ ಓರೆ ಬೇಕೋ ಆ ಓರೆ ಬರುತ್ತದೆ! ಕೊನೆಗೆ ತಣಿಸುವಾಗ ಅಳೆಯುವುದನ್ನೇ ಬಿಟ್ಟೆ. ಬಿಲ್ಲೆಯನ್ನೂ ಸಂವೇದಕವನ್ನೂ ಒಂದೇ ತಾಮ್ರದ ಗಟ್ಟಿಯಲ್ಲಿ ಹುದುಗಿಸಿ, ದನಗಳ ವೀರ್ಯದ ಕಡ್ಡಿಗಳನ್ನಿಡುವ ಹಳೆಯ ಸಾರಜನಕದ ಕ್ಯಾನಿನಲ್ಲಿ ದ್ರವದ ಮೇಲೆ ತೂಗುಬಿಟ್ಟು, ತಾನಾಗಿಯೇ ಬೆಚ್ಚಗಾಗಲು ಬಿಟ್ಟೆ. ಏಳೆಂಟು ಗಂಟೆ ಹಿಡಿಯುತ್ತದೆ. ಪ್ರತಿ ಓದಿಗೂ ವಿದ್ಯುತ್ತಿನ ದಿಕ್ಕು ತಿರುಗಿಸಿದ್ದರಿಂದ ತಾಪದ ವ್ಯತ್ಯಾಸದಿಂದ ತಂತಿಗಳಲ್ಲಿ ಹುಟ್ಟುವ ತಾಪಜನ್ಯ ವೋಲ್ಟೇಜ್ ಕಳೆದುಹೋಯಿತು. ತಂತಿ ಅಂಟಿಸುವ ಮುನ್ನ ಮೇಲ್ಮೈಗೆ ಏನು ಮಾಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಶೇಕಡಾ ಮೂರರಷ್ಟು ಸತುವು ಬೆರೆಸಿದ ಬಿಲ್ಲೆಯನ್ನೂ ಮಾಡಿದೆ. ಅದರ ಸಂಕ್ರಮಣ 77 ಕೆಲ್ವಿನ್‌ಗಿಂತ ಕೆಳಗಿಳಿಯಿತು, ದ್ರವ ಸಾರಜನಕ ಕುದಿಯುವುದೇ ಅಲ್ಲಿ; ಅದನ್ನು ಇನ್ನೂ ತಣಿಸುವ ಪಂಪ್ ಇಲ್ಲದ ನನಗೆ ಅದು ಕಾಣಲೇ ಇಲ್ಲ.

ರೋಧದ ನಕ್ಷೆಯಲ್ಲಿ 200 ಕೆಲ್ವಿನ್‌ಗಿಂತ ಮೇಲಿನ ನೇರ ಗೆರೆಯನ್ನು ಕೆಳಕ್ಕೆ ಚಾಚಿ, ಅದಕ್ಕೆ ಹೋಲಿಸಿ ಹೆಚ್ಚುವರಿ ವಾಹಕತೆಯನ್ನು ತೆಗೆದಾಗ, ಸಂಕ್ರಮಣದಿಂದ ದೂರದಲ್ಲಿ ಓರೆ ಸುಮಾರು ಋಣ ಒಂದು, ಸಂಕ್ರಮಣದ ಹತ್ತಿರ ಋಣ ಅರ್ಧಕ್ಕೆ ಸಮೀಪ: ಸೋವಿಯತ್ ಭೌತವಿಜ್ಞಾನಿಗಳಾದ ಅಸ್ಲಮಾಜೋವ್ ಮತ್ತು ಲಾರ್ಕಿನ್ 1968ರಲ್ಲಿ ಕ್ರಮವಾಗಿ ಎರಡು ಆಯಾಮದ ಏರಿಳಿತಗಳಿಗೂ ಮೂರು ಆಯಾಮದವಕ್ಕೂ ಹೇಳಿದ ಘಾತಾಂಕಗಳು. ಗೆರೆಯನ್ನು 160 ಕೆಲ್ವಿನ್‌ನಿಂದಲೇ ಎಳೆದರೆ ಮೊದಲನೆಯದು ಕೆಡುತ್ತದೆ, ಎರಡನೆಯದು ಅಷ್ಟಾಗಿ ಅಲುಗುವುದಿಲ್ಲ. ಕಣಗಳ ಗಡಿಯ ಸ್ಥಿರ ರೋಧವನ್ನು ಮೊದಲೇ ಕಳೆದಿದ್ದೆ. ಪ್ರವಾಹ ಕಣಗಳ ನಡುವೆ ಸುತ್ತಿ ಹರಿಯುವುದರಿಂದ ಅಳತೆಯ ಪ್ರಮಾಣ ಬದಲಾಗಬಹುದೇ ಹೊರತು ಓರೆ ಬದಲಾಗದು. ನಕ್ಕ ಹಿರಿಯರು ನಕ್ಷೆಯನ್ನು ಎರಡು ಸಲ ನೋಡಿ, ಒಂದು ಬಿಲ್ಲೆ ಕೊಡಲು ಕೇಳಿದ್ದಾರೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯನ್ನು ಅವರೇ ತರಬೇಕೆಂದು ಹೇಳಿದ್ದೇನೆ.