ಸರ್ಕ್ಯುಲರಿನಿಂದ ಶುರುಮಾಡಿ: ನಾಳೆಯ ಮುಂಬಯಿಯ ಕತೆ ಬರೆಯುವವರಿಗೆ

ಇನ್ನು ಇಪ್ಪತ್ತು ವರ್ಷಗಳಲ್ಲಿ ನಮ್ಮ ಆಚಾರ, ಊಟ, ಸರಿತಪ್ಪುಗಳ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟೀತು ಎಂಬುದನ್ನು ಕತೆಯಾಗಿಸಲು ಹೊರಟ ಮುಂಬಯಿ ಕನ್ನಡಿಗರು ಮಾಡುವ ಮೊದಲ ತಪ್ಪು, ಒಬ್ಬ ಸರ್ವಾಧಿಕಾರಿಯನ್ನು ಹುಟ್ಟಿಸುವುದು. ನಾನೂ ಅದನ್ನೇ ಮಾಡಿದ್ದೆ. ನನ್ನ ಮೊದಲ ಕರಡಿನಲ್ಲಿ ಮುಲುಂಡಿನ ಹೌಸಿಂಗ್ ಸೊಸೈಟಿಯೊಂದರ ಚೇರ್‌ಮನ್ ಹುಬ್ಬು ಗಂಟಿಕ್ಕಿಕೊಂಡು ಕಂಡವರ ಅಡುಗೆಮನೆಗೆಲ್ಲ ನುಗ್ಗುತ್ತಿದ್ದ. ಓದಿದ ಗೆಳೆಯರೊಬ್ಬರು, "ಇವನು ಕಂಪನಿ ನಾಟಕದವನು, ನಮ್ಮ ಬಿಲ್ಡಿಂಗಿನವನಲ್ಲ" ಎಂದು ಕಾಗದಗಳನ್ನು ಮಡಚಿ ಕೈಗಿತ್ತರು. ಅವರ ಮಾತು ಸರಿಯಾಗಿತ್ತು. ಅತಿರೇಕ ನಮ್ಮ ಮನೆಬಾಗಿಲಿಗೆ ಬರುವುದು ಸರ್ಕ್ಯುಲರಾಗಿ, ಅದೂ ಅರ್ಧಕ್ಕರ್ಧ ಜನ ತಲೆಯಾಡಿಸುವಂಥ ಸರ್ಕ್ಯುಲರಾಗಿ. ಆದ್ದರಿಂದ ಪಾತ್ರಗಳಿಗೆ ಹೆಸರಿಡುವ ಮೊದಲು ಆ ಒಂದು ಪುಟವನ್ನು ಬರೆದುಕೊಳ್ಳಿ.

ಆ ಪುಟದ ಬೇರು ನಮ್ಮ ಕಾಲದ ಯಾವುದಾದರೊಂದು ನಿಜವಾದ ನಿಯಮದಲ್ಲಿರಲಿ. ಉದಾಹರಣೆಗೆ ಕಸವನ್ನೇ ತೆಗೆದುಕೊಳ್ಳಿ. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ವಿಂಗಡಿಸಲು ಹೇಳಿದವು. ಮರುವರ್ಷ ಮುಂಬಯಿ ಪಾಲಿಕೆಯು ದೊಡ್ಡ ವಸತಿ ಸಂಕೀರ್ಣಗಳು ತಮ್ಮ ಹಸಿ ಕಸವನ್ನು ತಮ್ಮ ಆವರಣದಲ್ಲೇ ವಿಲೇವಾರಿ ಮಾಡಬೇಕೆಂದಿತು. ಇದಕ್ಕೆ ಯಾರ ತಕರಾರೂ ಇರಲಾರದು, ನನಗಂತೂ ಇಲ್ಲ. ಈಗ ನಿಮ್ಮ ಕಲ್ಪನೆಯ ಸೊಸೈಟಿಯನ್ನು ಒಂದೊಂದೇ ಮೆಟ್ಟಿಲು ಇಳಿಸಿ. ಮೊದಲ ವರ್ಷ, ಗೊಬ್ಬರದ ಗುಂಡಿಗೆ ಬೆಕ್ಕುಗಳು ಮುತ್ತುತ್ತಿವೆ, ಮೀನಿನ ಮುಳ್ಳನ್ನು ದಯವಿಟ್ಟು ಬೇರೆ ಕಟ್ಟಿಡಿ ಎಂಬ ವಿನಂತಿ. ಮೂರನೆಯ ವರ್ಷ, ಆ ಕಟ್ಟಿನ ಮೇಲೆ ಫ್ಲ್ಯಾಟ್ ನಂಬರು. ಆರನೆಯ ವರ್ಷ, ಕಸದ ಡಬ್ಬಿಯ ಮೇಲೊಂದು ಕ್ಯಾಮೆರಾ, ಅದೂ ಕಳ್ಳರ ಕಾಟಕ್ಕೆಂದು. ಹತ್ತನೆಯ ವರ್ಷ, ಮುಳ್ಳು ಬಾರದ ಮನೆಗಳಿಗೆ ಮೇಂಟೆನೆನ್ಸಿನಲ್ಲಿ ತಿಂಗಳಿಗೆ ಇನ್ನೂರು ರೂಪಾಯಿ ಕಡಿತ. ಗಮನಿಸಿ, ಇಲ್ಲಿ ಯಾರೂ ಯಾವುದನ್ನೂ ನಿಷೇಧಿಸಿಲ್ಲ. ದಂಡ ಹಾಕಿದರೆ ಜನ ಜಗಳಕ್ಕೆ ಬರುತ್ತಾರೆ. ರಿಯಾಯಿತಿ ಕೊಟ್ಟರೆ ಥ್ಯಾಂಕ್ಸ್ ಹೇಳಿ, ಮರುದಿನದಿಂದ ಪಕ್ಕದ ಮನೆಯವರು ಇನ್ನೂರು ರೂಪಾಯಿ ಯಾಕೆ ಕಳೆದುಕೊಳ್ಳುತ್ತಿದ್ದಾರೆಂದು ಯೋಚಿಸತೊಡಗುತ್ತಾರೆ. ಕತೆಗೆ ಬೇಕಾದ ಕ್ರೌರ್ಯ ಆ ಯೋಚನೆಯಲ್ಲಿದೆ.

ಕಾನೂನನ್ನು ಒಮ್ಮೆ ಓದಿಕೊಂಡರೆ ನಿಮ್ಮ ಕಮಿಟಿಯ ಭಾಷೆಗೆ ಹದ ಬರುತ್ತದೆ. ಸಾಮಾಜಿಕ ಬಹಿಷ್ಕಾರವನ್ನು ಅಪರಾಧವಾಗಿಸಿದ ಮಹಾರಾಷ್ಟ್ರದ ಕಾಯಿದೆ 2016ರದು, ಜಾರಿಗೆ ಬಂದದ್ದು 2017ರಲ್ಲಿ. ಹಾಗಾಗಿ ನಿಮ್ಮ ಸೆಕ್ರೆಟರಿ ಎಂದೂ 'ಬಹಿಷ್ಕಾರ' ಎಂಬ ಶಬ್ದವನ್ನು ಬರೆಯುವುದಿಲ್ಲ. 'ಗೊಬ್ಬರದ ಗುಣಮಟ್ಟ' ಎಂದು ಬರೆಯುತ್ತಾನೆ. ಇನ್ನೊಂದು ಕಡೆ, ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದು ಸದಸ್ಯತ್ವವನ್ನು ತನ್ನ ಸಮುದಾಯಕ್ಕೇ ಸೀಮಿತಗೊಳಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪು ಕೊಟ್ಟಿತು. ಈ ಎರಡರ ನಡುವಿನ ಸಂದಿಯಲ್ಲಿ ನಿಮ್ಮ ಸೆಕ್ರೆಟರಿ ಆರಾಮವಾಗಿ ಓಡಾಡಿಕೊಂಡಿರಬಲ್ಲ.

ಪರ್ಮಿಟನ್ನು ಮರೆಯಬೇಡಿ. 1949ರ ಪಾನನಿಷೇಧ ಕಾಯಿದೆ ಈ ರಾಜ್ಯದಲ್ಲಿ ಇನ್ನೂ ಬದುಕಿದೆ, ಕುಡಿಯುವವನ ಬಳಿ ಇಂದಿಗೂ ಪರ್ಮಿಟ್ ಇರಬೇಕು, ಅದನ್ನು ಕೊಡುವುದು 'ಆರೋಗ್ಯದ ರಕ್ಷಣೆ'ಯ ಹೆಸರಿನಲ್ಲಿ. ಬಾರುಗಳನ್ನು ನಡೆಸಿದ ನಮ್ಮ ಶೆಟ್ಟರಿಗೆ ಈ ಹಾಸ್ಯವನ್ನು ವಿವರಿಸಬೇಕಾಗಿಲ್ಲ. ಕಟ್ಟುನಿಟ್ಟು ಹೆಚ್ಚಿದಷ್ಟೂ ಹಿಂಬಾಗಿಲು ಅಗಲವಾಗುತ್ತದೆ; ನಿಮ್ಮ ಸೊಸೈಟಿಯಲ್ಲೂ ಡಾಕ್ಟರ ಚೀಟಿ ತಂದವರಿಗೆ ವಾರಕ್ಕೆರಡು ಬಂಗುಡೆಯ ಅನುಮತಿ ಇರಲಿ, ಮತ್ತು ಆ ಚೀಟಿ ಮೊದಲು ಚೇರ್‌ಮನ್ನರ ಮನೆಯಲ್ಲೇ ಇರಲಿ.

ಒಂದು ತುದಿಯನ್ನು ಹೀಗೆ ಕಟ್ಟಿದ ಮೇಲೆ ಇನ್ನೊಂದು ತುದಿಯನ್ನು ರಸ್ತೆಯಾಚೆಗೇ ಕಟ್ಟಿ. ಈ ಕಾಟದಿಂದ ತಪ್ಪಿಸಿಕೊಂಡವರು ಎದುರುಗಡೆ ನಲವತ್ತು ಮಹಡಿಯ ಟವರಿಗೆ ಹೋಗುತ್ತಾರೆ. ಅಲ್ಲಿ ಯಾರೂ ಯಾರನ್ನೂ ಏನೂ ಕೇಳಕೂಡದು; 'ಊಟ ಆಯ್ತಾ' ಎಂದರೂ ಖಾಸಗಿತನದ ಉಲ್ಲಂಘನೆ. ಅಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ನೌಕರ ಜಾರಿಬಿದ್ದು ಎರಡು ದಿನ ನೆಲದ ಮೇಲಿರುತ್ತಾನೆ, ಹಾಲಿನ ಪ್ಯಾಕೆಟ್ಟುಗಳು ಬಾಗಿಲಲ್ಲಿ ಉಬ್ಬುತ್ತಿರುತ್ತವೆ, ದಾಟಿಹೋಗುವವರೆಲ್ಲ ನಿಯಮವನ್ನು ಗೌರವಿಸುತ್ತಾರೆ. ಎರಡೂ ಕಟ್ಟಡಗಳಲ್ಲಿ ಕೆಟ್ಟವರಿಲ್ಲ. 2025ರಲ್ಲಿ ದಾದರಿನ ಕಬೂತರಖಾನೆಯನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗವನ್ನು, ಟಾರ್ಪಾಲಿನಿಂದ ಮುಚ್ಚಿದಾಗ ನಡೆದ ಗದ್ದಲವನ್ನು ನೆನಪಿಸಿಕೊಳ್ಳಿ: ಒಬ್ಬರಿಗೆ ಹಕ್ಕಿಗೆ ಕಾಳು ಹಾಕುವುದು ಧರ್ಮ, ಇನ್ನೊಬ್ಬರಿಗೆ ಆ ಹಕ್ಕಿಗಳ ಹಿಕ್ಕೆಯಿಂದ ಕೆಡಬಹುದಾದ ಅಜ್ಜಿಯ ಶ್ವಾಸಕೋಶ ಮುಖ್ಯ. ಇಬ್ಬರ ವಾದವನ್ನೂ ನೀವೇ ನಂಬಿ ಬರೆಯಬಲ್ಲಿರಾದರೆ ಮಾತ್ರ ಮುಂದುವರಿಯಿರಿ.

ಶಬ್ದಗಳ ವಿಷಯ ಬೇಗ ಮುಗಿಸುತ್ತೇನೆ. ನಾಳೆಯ ಕಾಲವೆಂದು ಸಂಸ್ಕೃತದ ಉದ್ದುದ್ದ ಸಮಾಸಗಳನ್ನು ಹೆಣೆಯಬೇಡಿ. ಮಡಿ, ಮೈಲಿಗೆ, ಎಂಜಲು, ಮುಸುರೆ ಎಂಬ ಮಾತುಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ. ನಿಮ್ಮ ಕತೆಯ ಸೊಸೈಟಿ ಬಳಸುವ ಆ್ಯಪಿನ ಹೆಸರು 'ಮಡಿ' ಎಂದಿದ್ದರೆ ಸಾಕು, ಓದುಗರ ಬೆನ್ನು ತಣ್ಣಗಾಗುತ್ತದೆ. ನಮ್ಮ ಅಜ್ಜಿಯಂದಿರು ಹಿತ್ತಲಲ್ಲಿ ನಡೆಸುತ್ತಿದ್ದುದನ್ನೇ ಯಂತ್ರವೊಂದು ಲಿಫ್ಟಿನ ಬಾಗಿಲಲ್ಲಿ ನಡೆಸುತ್ತದೆ ಎನ್ನುವುದು ಬೇರೆ ಭಾಷೆಯವರಿಗೆ ಸುಲಭವಾಗಿ ದಕ್ಕದ ಅನುಕೂಲ.

ಕೊನೆಗೆ ದಂಗೆ, ಭಾಷಣ, ಕೋರ್ಟಿನ ಗೆಲುವು ಬೇಡ. ನನ್ನ ಎರಡನೆಯ ಕರಡು ಹೀಗೆ ನಿಲ್ಲುತ್ತದೆ: ಉಡುಪಿ ಕಡೆಯ ಹೆಂಗಸೊಬ್ಬಳು ರಾತ್ರಿ ಉಂಡ ಬಂಗುಡೆಯ ಮುಳ್ಳುಗಳನ್ನು ತೊಳೆದು, ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಗಳ ಹಳೆಯ ಪೆನ್ಸಿಲ್ ಡಬ್ಬಿಯಲ್ಲಿಡುತ್ತಾಳೆ. ಬೆಳಿಗ್ಗೆ ಮುಲುಂಡಿನಲ್ಲಿ ಸ್ಲೋ ಲೋಕಲ್ ಹತ್ತುತ್ತಾಳೆ. ಮಾಟುಂಗದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಕಸದ ಡಬ್ಬಿಯ ಬಳಿ ಹೋದಾಗ, ಅಲ್ಲಿ ಆಗಲೇ ತನ್ನ ಬಿಲ್ಡಿಂಗಿನ ಸೆಕ್ರೆಟರಿ ಚೀಲ ಬಿಚ್ಚುತ್ತ ನಿಂತಿರುತ್ತಾನೆ.