ಚಿಲ್ಲರ್ ಇಲ್ಲದ ರೀಫ್ ಟ್ಯಾಂಕಿಗೆ ರಾತ್ರಿ ಪಾಳಿ

ಕಾಸರಗೋಡಿನ ಬದಿಯಡ್ಕದ ಸೆಕೆಗೆ ಚಿಲ್ಲರ್ (ನೀರು ತಣಿಸುವ ಯಂತ್ರ) ಇಲ್ಲದೆ ರೀಫ್, ಅಂದರೆ ಉಪ್ಪುನೀರಿನ ಹವಳದ ಟ್ಯಾಂಕ್, ನಿಲ್ಲುವುದಿಲ್ಲ ಅಂತ ಎಲ್ಲರೂ ಹೇಳಿದವರೇ. ಮಂಗಳೂರಿನ ಗೆಳೆಯರಂತೂ "ಮೊದಲು ಒಂದು ಕ್ವಿಂಟಾಲು ಅಡಿಕೆ ಮಾರು, ಆಮೇಲೆ ಹವಳದ ಮಾತು" ಎಂದು ನಗಾಡಿದ್ದರು. ಚಿಲ್ಲರ್ ಇನ್ನೂ ಬಂದಿಲ್ಲ, ಅಡಿಕೆ ಅಟ್ಟದಲ್ಲೇ ಇದೆ, ಟ್ಯಾಂಕ್ ತುಂಬಿಕೊಂಡಿದೆ. ಮಾಡಿದ್ದಿಷ್ಟೇ: ಲೈಟನ್ನು ಹಗಲಿನಿಂದ ತೆಗೆದು ರಾತ್ರಿಗೆ ಹಾಕಿದೆ.

ಮೂರಡಿ ಟ್ಯಾಂಕ್. ಝೋವಾ, ಮಶ್ರೂಮ್, ಒಂದು ಲೆದರ್, ಎಲ್ಲ ಮೆದು ಹವಳಗಳು. ಕಲ್ಲುಹವಳ ವನ್ಯಜೀವಿ ಕಾಯ್ದೆಯ 1ನೇ ಶೆಡ್ಯೂಲಿನಲ್ಲಿದೆ, ಆ ತಂಟೆ ಬೇಡ. ಲೈಟು 165 ವಾಟಿನ ಚೀನಾ ಬ್ಲ್ಯಾಕ್ ಬಾಕ್ಸ್ ಎಲ್‌ಇಡಿ, ಒಂಬತ್ತು ಸಾವಿರದ ಆಸುಪಾಸು.

ಅಂಗಡಿಯವರು ಹೇಳಿದ್ದು ಬೆಳಗ್ಗೆ ಎಂಟರಿಂದ ಸಂಜೆ ಆರು, ನೀಲಿ ಬೆಳಕು ಶೇಕಡಾ 80, ಬಿಳಿ 50. ಏಪ್ರಿಲ್ ಮಧ್ಯಾಹ್ನ ನೀರು 31 ಡಿಗ್ರಿ ದಾಟಿತು. ಮಶ್ರೂಮ್‌ಗಳು ಅಂಚು ಮುದುಡಿ, ಒಂದೊಂದೇ ಕಲ್ಲು ಬಿಟ್ಟು ಓವರ್‌ಫ್ಲೋ ಜಾಲರಿಗೆ ಹೋಗಿ ಅಂಟಿದವು. ನಾಲ್ಕೈದು ಸಾವಿರದ ಮಾಲು ಹಾಗೇ ಹೋಯಿತು. ಬಿಳಿ ಇಳಿಸಿದರೆ ಪಾಚಿ ಕಡಿಮೆಯಾಯಿತು, ಸೆಕೆ ಇಳಿಯಲಿಲ್ಲ.

ಈಗ ಸಂಜೆ ನಾಲ್ಕೂವರೆಗೆ ನೀಲಿ ಮಾತ್ರ, ಆರರಿಂದ ಹತ್ತೂವರೆಯ ತನಕ ನೀಲಿ 45, ಬಿಳಿ 10, ಹನ್ನೆರಡೂವರೆಗೆ ಕತ್ತಲೆ. ಹಗಲು ಕಿಟಕಿಗೆ ದಪ್ಪ ಪರದೆ. ಶುರು ಮಾಡಿದ್ದು ನೀಲಿ 20ರಿಂದ, ವಾರಕ್ಕೆ ಐದರಂತೆ ಏರಿಸಿದೆ. ಲೈಟನ್ನು ನೀರಿನಿಂದ ಹದಿನಾಲ್ಕು ಇಂಚು ಮೇಲೆ ತೂಗು ಹಾಕಿದ್ದೇನೆ. ಲೈಟಿನ ಕೆಳಗೆ ಇನ್ನೊಂದು ಸಾಮಾನು ಕಟ್ಟಿದ್ದೇನೆ, ನೆರಳಿನ ಗೆರೆ ಹೋಗುವುದು ಅದರಿಂದಲೇ. ಅದೇನೆಂದು ಮನೆಗೆ ಬಂದವರಿಗೆ ತೋರಿಸುತ್ತೇನೆ. ಒಂದು ಫ್ಯಾನ್ ಸೇರಿ ಬೇಸಿಗೆಯಲ್ಲೂ 29ರ ಸುತ್ತ ನಿಲ್ಲುತ್ತದೆ. ಆದರೆ ಫ್ಯಾನಿನ ಗಾಳಿಗೆ ನೀರು ಆರುವುದರಿಂದ ದಿನಕ್ಕೆ ಮೂರು ಲೀಟರ್ ಸಿಹಿನೀರು ಸುರಿಯಬೇಕು.

ಬೆಳಕು ಅಳೆಯಲು ಮೊಬೈಲಿನ ಲಕ್ಸ್ ಆ್ಯಪ್ ನಂಬಬೇಡಿ. ಅದರ ಲೆಕ್ಕ ನಮ್ಮ ಕಣ್ಣಿನದು, ರಾಯಲ್ ಬ್ಲೂ ಕೆಳಗೆ ಏನೂ ಇಲ್ಲವೆಂಬಂತೆ ತೋರಿಸುತ್ತದೆ. ಪಾರ್ ಮೀಟರ್ (ಹವಳಕ್ಕೆ ಉಪಯೋಗವಾಗುವ ಬೆಳಕನ್ನು ಅಳೆಯುವ ಸಾಧನ) ಎರವಲು ತಂದು ನೋಡಿದಾಗ ಕಲ್ಲಿನ ನೆತ್ತಿಯಲ್ಲಿ 130, ನಡುವೆ 90, ಮರಳಲ್ಲಿ 50ರಷ್ಟಿತ್ತು. ಮೂಲೆಯಲ್ಲಿ ಝೋವಾ ಕತ್ತು ಉದ್ದ ಮಾಡಿದ್ದರ ಕಾರಣವೂ ಆಗಲೇ ಸಿಕ್ಕಿತು: ಅಲ್ಲಿ 30 ಕೂಡ ಇಲ್ಲ.

ನಡುವೆ ಪುಕ್ಕಟೆ ಬಿಸಿಲನ್ನೂ ಪರೀಕ್ಷಿಸಿದೆ. ಚಾವಡಿಯ ಗಾಜಿನ ಹಂಚಿನ ಕೆಳಗೆ ಒಂದು ಟಬ್, ಅದರಲ್ಲಿ ಕೆಲವು ಝೋವಾ ಚೂರು. ಏಪ್ರಿಲ್ ಕೊನೆಗೆ ನಮ್ಮಲ್ಲಿ ಸೂರ್ಯ ನೇರ ನೆತ್ತಿಗೇ ಬರುತ್ತಾನೆ, ಬಿಸಿಲಕೋಲು ಟಬ್ಬಿಗೇ ಬಿತ್ತು. ಕಿತ್ತಳೆ ಬಣ್ಣದವು ಕಾಫಿ ಬಣ್ಣಕ್ಕೆ ತಿರುಗಿದವು, ಟಬ್ಬಿಗೆ ಹಸಿರು ಪಾಚಿ. ಮೇ ಕೊನೆಯ ಪತ್ತನಾಜೆ ಕಳೆದು ಮೋಡ ಕವಿದ ಮೇಲೆ ಅಲ್ಲಿ ಬೆಳಕೇ ಇಲ್ಲ.

ರಾತ್ರಿ ಪಾಳಿಗೂ ಒಂದು ಕಾಟ ಉಂಟು. ಮೊದಲ ಮಳೆಗೆ ರೆಕ್ಕೆ ಗೆದ್ದಲು ನೀಲಿ ಲೈಟಿಗೆ ಮುಗಿಬಿದ್ದವು. ನೀರಿನ ಮೇಲೆ ಬರೀ ರೆಕ್ಕೆ, ನೀರಿನ ಕೊಳೆ ತೆಗೆಯುವ ಸ್ಕಿಮ್ಮರಿನ ಬಟ್ಟಲು ತುಂಬಿ ಹೊರಚೆಲ್ಲಿತು, ಕ್ಲೌನ್ ಮೀನುಗಳಿಗೆ ಮಾತ್ರ ಹಬ್ಬ. ಸೊಳ್ಳೆಪರದೆ ಬಲೆ ಚೌಕಟ್ಟಿಗೆ ಬಿಗಿದೆ, ಇನ್ನೂರು ರೂಪಾಯಿ. ಬಲೆ ಬೆಳಕನ್ನು ಸ್ವಲ್ಪ ತಿನ್ನುತ್ತದೆ, ಹಾಗಾಗಿ ಮಳೆಗಾಲದಲ್ಲಿ ನೀಲಿ 50.

ಲೈಟಿನ ಕರೆಂಟು ತಿಂಗಳಿಗೆ ಸುಮಾರು ಹತ್ತು ಯೂನಿಟ್. ಮೊನ್ನೆ ನಗಾಡಿದವರಲ್ಲೇ ಒಬ್ಬರು ಬಂದು ಝೋವಾ ಚೂರುಗಳ ಜೊತೆಗೆ ಟೈಮರ್ ಸೆಟ್ಟಿಂಗನ್ನೂ ಬರೆದುಕೊಂಡು ಹೋದರು.