ಕೊನೆಯ 190 ಕಿಲೋಮೀಟರ್: ಲಡಾಖಿನಿಂದ ತುಮಕೂರಿಗೆ ಮರಳಿದ ನನ್ನ ಅನುಭವ

2024ರ ಜೂನ್ ಕೊನೆಯ ವಾರದ ಒಂದು ಮಧ್ಯಾಹ್ನ, ಇಪ್ಪತ್ತು ದಿನಗಳಲ್ಲಿ ಸುಮಾರು 6,900 ಕಿ.ಮೀ. ಬೈಕ್ ಓಡಿಸಿ, ಮನೆಗೆ ಇನ್ನು 190 ಕಿ.ಮೀ. ಮಾತ್ರ ಉಳಿದಿರುವಾಗ, ನಾನು ದಾವಣಗೆರೆಯಲ್ಲಿ ಗಾಡಿ ನಿಲ್ಲಿಸಿ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಆಗ ಗಂಟೆ ಎರಡೂವರೆ. ಮಳೆ ಇರಲಿಲ್ಲ, ಗಾಡಿಗೆ ಏನೂ ಆಗಿರಲಿಲ್ಲ, ಟ್ಯಾಂಕಿನಲ್ಲಿ ಬೇಕಾದಷ್ಟು ಪೆಟ್ರೋಲ್ ಇತ್ತು. ಜೊತೆಗಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬ, "ಏನ್ ಗುರು, ಸಂಜೆ ಏಳಕ್ಕೆಲ್ಲ ಮನೇಲಿರ್ತೀವಿ, ಇಲ್ಲಿ ಯಾಕೆ ದುಡ್ಡು ಕೊಟ್ಟು ಮಲಗ್ತೀಯ?" ಎಂದು ಕೇಳಿ, ಇನ್ನೊಬ್ಬನನ್ನು ಕರೆದುಕೊಂಡು ಮುಂದೆ ಹೋದ. ಅವರಿಬ್ಬರೂ ಕ್ಷೇಮವಾಗಿ ತಲುಪಿದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಶಿರಾದ ಬಳಿ ಎರಡು ಸಲ ಕಣ್ಣು ತಾನಾಗಿ ಮುಚ್ಚಿಹೋಗಿತ್ತೆಂದು ಅವರಲ್ಲೊಬ್ಬ ವಾರದ ನಂತರ ನನ್ನೆದುರು ಒಪ್ಪಿಕೊಂಡ.

ದೂರದ ಪ್ರವಾಸದಲ್ಲಿ ಕೊನೆಯ ದಿನವೇ ಎಲ್ಲಕ್ಕಿಂತ ಚಿಕ್ಕ ದಿನವಾಗಿರಬೇಕು ಎಂಬುದು ನನ್ನ ಪದ್ಧತಿ. ನಮ್ಮಲ್ಲಿ ಹೆಚ್ಚಿನವರು ಇದಕ್ಕೆ ತಿರುಗುಮುರುಗಾಗಿ ನಡೆಯುತ್ತಾರೆ. ಹೋಗುವಾಗ ದಿನಕ್ಕೆ ಮುನ್ನೂರೈವತ್ತಕ್ಕೆ ನಿಲ್ಲುವವರು, ಮರಳುವಾಗ ಕೊಟ್ಟಿಗೆ ಕಂಡ ಎತ್ತಿನ ಹಾಗೆ ಏಳುನೂರು ಎಂಟುನೂರು ಕಿ.ಮೀ. ಎಳೆದುಬಿಡುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ, ಮತ್ತು ಎರಡು ಸಲ ಅದಕ್ಕೆ ಬೆಲೆ ತೆತ್ತಿದ್ದೇನೆ.

ಮೊದಲನೆಯದು 2017ರ ನವೆಂಬರಿನಲ್ಲಿ, ಕಚ್ಛ್ ಮತ್ತು ರಾಜಸ್ಥಾನ ಸುತ್ತಿ ಬರುವಾಗ. ಬೆಳಿಗ್ಗೆ ಐದಕ್ಕೆ ಪುಣೆ ಬಿಟ್ಟವನು ಅದೇ ರಾತ್ರಿ ತುಮಕೂರು ಸೇರುವುದೆಂದು ಹಟ ಹಿಡಿದೆ. ಅದು ಹತ್ತಿರ ಹತ್ತಿರ 770 ಕಿ.ಮೀ. ರಾತ್ರಿ ಹತ್ತೂವರೆಯ ಹೊತ್ತಿಗೆ ಹಿರಿಯೂರು ದಾಟಿದ್ದು ನೆನಪಿದೆ, ಅದರ ನಂತರದ ಎಂಟು ಹತ್ತು ಕಿಲೋಮೀಟರ್ ನೆನಪಿಲ್ಲ. ಎಚ್ಚರವಾದದ್ದು ಚಕ್ರ ರಸ್ತೆಯ ಅಂಚಿನ ಜಲ್ಲಿಗೆ ಇಳಿದ ಸದ್ದಿಗೆ, ಬಿದ್ದದ್ದು ಅದರ ಮರುಕ್ಷಣದಲ್ಲಿ. ಕಾಲರ್ ಬೋನ್ ಮುರಿಯಿತು. ಆಸ್ಪತ್ರೆಗೆ ಸುಮಾರು 42 ಸಾವಿರ, ಹ್ಯಾಂಡಲ್, ಹೆಡ್‌ಲೈಟ್, ಕ್ರ್ಯಾಶ್ ಗಾರ್ಡ್ ಎಂದು ಗಾಡಿಗೆ 17 ಸಾವಿರ, ಜೊತೆಗೆ ತಿಂಗಳೂವರೆ ರಜೆ. ಆ ಪ್ರವಾಸದ ಪೆಟ್ರೋಲ್, ಊಟ, ವಸತಿ ಎಲ್ಲ ಸೇರಿಸಿದರೂ ಅಷ್ಟು ಖರ್ಚಾಗಿರಲಿಲ್ಲ.

ಎರಡನೆಯ ಸಲ, 2019ರಲ್ಲಿ ಹಿಮಾಚಲದ ಸ್ಪಿತಿಯಿಂದ ಬರುವಾಗ, ರಾತ್ರಿ ಓಡಿಸುವುದೇ ತಪ್ಪು ಎಂದು ತಿಳಿದು ಕೊಲ್ಹಾಪುರದಿಂದ ನಸುಕಿನ ಎರಡೂವರೆಗೆ ಹೊರಟೆ. ಮಧ್ಯಾಹ್ನದೊಳಗೆ ಮನೆ ಸೇರುವ ಲೆಕ್ಕ ಅದು. ನಾಲ್ಕು ಗಂಟೆಯೂ ನಿದ್ದೆ ಮಾಡಿರಲಿಲ್ಲ. ಕಿತ್ತೂರಿನ ಸಮೀಪ ತೂಕಡಿಕೆ ಬಂದು, ಪೆಟ್ರೋಲ್ ಬಂಕಿನ ಸಿಮೆಂಟ್ ಕಟ್ಟೆಯ ಮೇಲೆ ಮೂರು ಗಂಟೆ ಮಲಗಿದೆ. ಕಳೆದ ಸಮಯವನ್ನು ತುಂಬಿಕೊಳ್ಳಲು ಜೋರಾಗಿ ಓಡಿಸಿದೆ, ರಾಣೆಬೆನ್ನೂರಿನ ಹತ್ತಿರ ಚೈನ್ ತುಂಡಾಯಿತು. ಎರಡು ದಿನಗಳಿಂದ ಅದು ಸದ್ದು ಮಾಡುತ್ತಿತ್ತು. ಇನ್ನೊಂದೇ ದಿನವಲ್ಲವೇ, ಮನೆಗೆ ಹೋಗಿ ನೋಡೋಣ ಎಂದು ಬಿಟ್ಟಿದ್ದೆ. ತುಂಡಾದ ಚೈನ್ ಬಡಿದು ಎಂಜಿನ್ ಕೇಸು ಬಿರುಕು ಬಿಟ್ಟಿತು. ಟೆಂಪೋ ಬಾಡಿಗೆ, ಕೇಸು, ಕೂಲಿ ಎಲ್ಲ ಸೇರಿ 15 ಸಾವಿರದ ಆಸುಪಾಸು ಹೋಯಿತು. ಮೊದಲ ಸಲ ಕೆಟ್ಟದ್ದು ದೇಹ, ಎರಡನೆಯ ಸಲ ಕೆಟ್ಟದ್ದು ಗಾಡಿ, ಎರಡಕ್ಕೂ ಕಾರಣ ಮನೆಯ ಸೆಳೆತ ಎಂದು ನನಗೆ ಹೊಳೆದದ್ದು ಆ ಟೆಂಪೋದಲ್ಲಿ ಕುಳಿತಿದ್ದಾಗ.

ಈ ಸಲ ಕೊಲ್ಹಾಪುರದಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಕಾಗಲ್ ದಾಟಿದ ಮೇಲೆ ಆರು ಪಥದ ಕಾಮಗಾರಿಯ ಡೈವರ್ಷನ್ನುಗಳು, ನಿಪ್ಪಾಣಿಯಾಚೆಯ ತವಂದಿ ಘಾಟಿನಲ್ಲಿ ಸುರಿಮಳೆ. ಧಾರವಾಡದವರೆಗೂ ಮಳೆ ಬಿಡಲಿಲ್ಲ, ಹಾವೇರಿ ದಾಟುವಾಗ ರಸ್ತೆ ಒಣಗಿತ್ತು. ಅಷ್ಟು ದೂರ ಮಳೆಗೂ ಕೆಸರಿಗೂ ಸಿಕ್ಕ ಚೈನಿನಲ್ಲಿ ಎಣ್ಣೆಯ ಪಸೆಯೂ ಉಳಿದಿರುವುದಿಲ್ಲ. ಹೀಗಾಗಿ ದಾವಣಗೆರೆಯ ಆ ಸಂಜೆ ನನಗೆ ವಿಶ್ರಾಂತಿಯ ಹೊತ್ತಾಗಿರಲಿಲ್ಲ. ಒಂದು ಗಂಟೆ ಮಲಗಿ ಎದ್ದು, ಸೀಮೆಎಣ್ಣೆಯ ಬದಲು ಡೀಸೆಲ್ಲಿನಲ್ಲಿ ಚೈನ್ ಉಜ್ಜಿ, ಎಣ್ಣೆ ಬಿಟ್ಟು, ಸಡಿಲು ಸರಿಮಾಡಿದೆ. ಹಿಂದಿನ ಚಕ್ರದ ಗಾಳಿ 27ಕ್ಕೆ ಇಳಿದಿತ್ತು, 32ಕ್ಕೆ ತಂದೆ. ಲೇಹ್‌ನಲ್ಲಿ ಗೇಜ್ ನೋಡಿ ತುಂಬಿಸಿದ ಗಾಳಿ ಬಯಲಿಗೆ ಇಳಿದ ಮೇಲೆ ಗೇಜಿನಲ್ಲಿ ಕಡಿಮೆ ತೋರಿಸುತ್ತದೆ ಎಂಬುದು ಗೊತ್ತಿದ್ದರೂ, ಬಯಲಿಗೆ ಬಂದ ನಂತರ ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಹೊರಡುವ ಮೊದಲ ದಿನ ಏನೇನು ನೋಡುತ್ತೇವೆಯೋ ಅದೆಲ್ಲವನ್ನೂ ಆ ಸಂಜೆ ನೋಡಬೇಕು. ಲಾಡ್ಜಿಗೆ 900 ರೂಪಾಯಿ, ಊಟ ತಿಂಡಿಗೆ ಇನ್ನೊಂದು 300. ಬೆಣ್ಣೆ ದೋಸೆಯನ್ನು ಸಂಜೆಯೇ ತಿಂದೆ. ಓಡಿಸುವ ಬೆಳಿಗ್ಗೆ ಬೆಣ್ಣೆ ಹೊಟ್ಟೆಗಿಳಿದರೆ ಹತ್ತು ಗಂಟೆಗೆ ಕಣ್ಣೆಳೆಯುತ್ತದೆ, ಆದ್ದರಿಂದ ಬೆಳಿಗ್ಗೆ ಎರಡು ಇಡ್ಲಿ ಮಾತ್ರ.

ಮನೆಗೆ ಏನು ಹೇಳುತ್ತೇವೆ ಎಂಬುದೂ ಈ ಪದ್ಧತಿಯ ಒಂದು ಭಾಗ. ಹೆಂಡತಿಗೆ ಫೋನ್ ಮಾಡಿ ನಾಳೆ ರಾತ್ರಿ ಊಟದ ಹೊತ್ತಿಗೆ ಬರುತ್ತೇನೆ ಎಂದೆ. "ನಿಧಾನವಾಗಿ ಬನ್ನಿ, ಯಾರೂ ಕಾಯ್ತಾ ಕೂತಿರಲ್ಲ" ಎಂದಳು. ಮಧ್ಯಾಹ್ನ ಬರುತ್ತೇನೆಂದು ಹೇಳಿದ್ದರೆ ಹನ್ನೊಂದಕ್ಕೊಂದು, ಹನ್ನೆರಡಕ್ಕೊಂದು ಕರೆ ಬರುತ್ತಿತ್ತು, ಜೇಬಿನಲ್ಲಿ ಫೋನ್ ನಡುಗಿದಷ್ಟು ಸಲವೂ ನನ್ನ ಕೈ ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸುತ್ತಿತ್ತು.

ಬೆಳಿಗ್ಗೆ ಏಳೂಕಾಲಕ್ಕೆ ಹೊರಟೆ. ಈ ಹಾದಿಯಲ್ಲಿ ಜೂನ್, ಜುಲೈ ತಿಂಗಳ ನಿಜವಾದ ಸಮಸ್ಯೆ ಗಾಳಿ. ರಸ್ತೆ ಆಗ್ನೇಯಕ್ಕೆ ಸಾಗುವುದರಿಂದ ಮುಂಗಾರಿನ ಗಾಳಿ ಬಲಮಗ್ಗುಲಿಗೆ ಹೊಡೆಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಅದಕ್ಕಾಗಿ. ಲಾರಿಯನ್ನು ಬಲದಿಂದ ದಾಟುವಾಗ ಗಾಳಿ ನಮ್ಮನ್ನು ಲಾರಿಯ ಕಡೆಗೇ ತಳ್ಳುತ್ತದೆ. ಬಲ ಲೇನು ಬಿಡದ ಲಾರಿಯನ್ನು ಎಡದಿಂದ ದಾಟಿದರೆ, ಅದರ ಮರೆಯಿಂದ ಹೊರಬಿದ್ದ ಕೂಡಲೇ ಒಂದೇ ಏಟಿಗೆ ರಸ್ತೆಯಂಚಿಗೆ ಒಯ್ಯುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಇನ್ನೂ ಏರುತ್ತದೆ. ಹಿಂದಿನ ಸಂಜೆ ಮುಂದೆ ಹೋದ ಗೆಳೆಯರು ಅದೇ ಗಾಳಿಯಲ್ಲಿ, ಅದೂ 350 ಕಿ.ಮೀ. ಓಡಿಸಿ ದಣಿದ ಕೈಗಳಲ್ಲಿ, ಸಿಕ್ಕಿಕೊಂಡಿದ್ದರು. ನಾನು ಎಂಟೂವರೆಗೆಲ್ಲ ಚಿತ್ರದುರ್ಗದ ಬೈಪಾಸ್ ದಾಟಿದ್ದೆ.

ಸಾಮಾನಿನ ವಿಷಯದಲ್ಲಿ ನಾನು ಬೇರೆ ಬೇರೆ ಪ್ರಯೋಗ ಮಾಡಿದ್ದೇನೆ. 2022ರಲ್ಲಿ ಹಂಪಿ, ಬಾದಾಮಿ, ಗೋವಾ ಸುತ್ತಿ ಬರುವಾಗ ಎರಡೂ ಸ್ಯಾಡಲ್ ಬ್ಯಾಗುಗಳನ್ನು ಹುಬ್ಬಳ್ಳಿಯಿಂದ ಲಾರಿ ಪಾರ್ಸೆಲಿಗೆ ಹಾಕಿ ಬರಿಗಾಡಿಯಲ್ಲಿ ಬಂದೆ. ಇಪ್ಪತ್ತೆರಡು ಕೆ.ಜಿ.ಗೆ 350 ರೂಪಾಯಿ ಆಯಿತು, ಗಾಳಿಯ ಕಾಟ ನಿಜಕ್ಕೂ ಕಡಿಮೆಯಾಯಿತು. ಆದರೆ ಬ್ಯಾಗುಗಳು ಬಂದದ್ದು ಮೂರು ದಿನ ತಡವಾಗಿ, ಒದ್ದೆ ಬಟ್ಟೆಗಳೆಲ್ಲ ಬೂಷ್ಟು ಹಿಡಿದಿದ್ದವು. ಈಗ ಕೊನೆಯ ಸಂಜೆ ಎಲ್ಲ ಸಾಮಾನು ಬಿಚ್ಚಿ, ಭಾರವಾದದ್ದನ್ನು ತಳಕ್ಕೆ ಇಳಿಸಿ, ಬ್ಯಾಗುಗಳು ಪಕ್ಕಕ್ಕೆ ಉಬ್ಬದಂತೆ ಬೇರೆ ರೀತಿಯಲ್ಲಿ ಕಟ್ಟುತ್ತೇನೆ. ಆ ಕಟ್ಟಿನ ಬಗೆಯನ್ನು ಕಂಡುಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿದಿದೆ, ಸದ್ಯಕ್ಕೆ ಅದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಗಾಳಿಯ ಸದ್ದು ತಡೆಯಲು ಕಿವಿಗೆ ಹತ್ತಿಯ ಬದಲು ಮೇಣದ ಬಿರಡೆ ಹಾಕಿಕೊಳ್ಳುವುದರಿಂದ ದಣಿವು ಎಷ್ಟು ತಗ್ಗುತ್ತದೆ ಎಂಬುದು ಮಾತ್ರ ಎಲ್ಲರೂ ಮಾಡಿ ನೋಡಬೇಕಾದ ಸಂಗತಿ.

ವೇಗ 70 ದಾಟಲಿಲ್ಲ. ಹಿರಿಯೂರಿನಲ್ಲಿ ಒಂದು ಚಹಾ, ಶಿರಾ ದಾಟಿ ಸೀಬಿಯಲ್ಲಿ ಕೊನೆಯ ನಿಲುಗಡೆ. ಅಲ್ಲಿಂದ ಮನೆಗೆ ಇಪ್ಪತ್ತು ಇಪ್ಪತ್ತೆರಡು ಕಿ.ಮೀ. ಅಷ್ಟೇ. ಆದರೂ ಹೆಲ್ಮೆಟ್ ತೆಗೆದು ನರಸಿಂಹಸ್ವಾಮಿ ದೇವಸ್ಥಾನದ ನೆರಳಿನಲ್ಲಿ ಹತ್ತು ನಿಮಿಷ ಕುಳಿತೆ. ಊರಿನ ಫಲಕ ಕಂಡ ಮೇಲೆ ಕಣ್ಣು ರಸ್ತೆಯನ್ನು ನೋಡುವುದನ್ನು ಬಿಟ್ಟು ಪರಿಚಿತ ಅಂಗಡಿಗಳನ್ನು ಹುಡುಕತೊಡಗುತ್ತದೆ, ಅದಕ್ಕೆ ಮೊದಲೇ ಒಮ್ಮೆ ನಿಂತು ಮನಸ್ಸನ್ನು ಹಿಡಿತಕ್ಕೆ ತಂದುಕೊಳ್ಳಲೇಬೇಕು.

ಹನ್ನೊಂದೂಕಾಲಕ್ಕೆ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಹೆಂಡತಿ ಬಟ್ಟೆ ಒಣಗಿಸುತ್ತಿದ್ದಳು. ಇಡೀ ಪ್ರವಾಸಕ್ಕೆ ಪೆಟ್ರೋಲ್ 24–25 ಸಾವಿರ, ಲೀಟರಿಗೆ 29 ಕಿ.ಮೀ. ಲೆಕ್ಕದಲ್ಲಿ ಬಂತು. ಊಟ ಮಾಡಿ, ಮೂರು ಗಂಟೆಗೆ ನಾನೇ ಗಾಡಿ ತೊಳೆಯಲು ಕುಳಿತೆ. ಹಿಂದಿನ ಪ್ರವಾಸಗಳಲ್ಲಿ ಆ ಕೆಲಸಕ್ಕೆ ಕೈ ಹಾಕಲು ವಾರ ಹಿಡಿಯುತ್ತಿತ್ತು. ಹಿಂದಿನ ಚಕ್ರದ ಕೆಸರು ಹೋದಾಗ ಎರಡು ಸ್ಪೋಕುಗಳು ಮುರಿದಿರುವುದು ಕಂಡಿತು. ಕಾಗಲ್‌ನ ಡೈವರ್ಷನ್ನುಗಳಲ್ಲಿ ಮುರಿದವೋ, ಲಡಾಖಿನ ಹಾದಿಯ ಬಾರಾಲಾಚಾ ಪಾಸ್ ಇಳಿಯುವಾಗಲೋ ತಿಳಿಯದು, ದಾವಣಗೆರೆಯಲ್ಲಿ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಸಂಜೆಯ ತಪಾಸಣೆಗೆ ಈಗ ಇದನ್ನೂ ಸೇರಿಸಿಕೊಂಡಿದ್ದೇನೆ: ಚಕ್ರವನ್ನು ಮೊದಲು ತೊಳೆದು, ಸ್ಪಾನರಿನಿಂದ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳುವುದು.